ಸೊಪ್ಪಿನ ದಿನ

ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಹಿಪ್ಪುನೇರಳೆ ಸೊಪ್ಪಿಗೆ ಒಂದು ವಾಸನೆಯಿದೆ. ಹುಲ್ಲಿನ ವಾಸನೆಯಂತಲ್ಲ, ಸ್ವಲ್ಪ ಬೆಚ್ಚಗೆ, ಮಲಗಿ ಎದ್ದ ಮಗುವಿನ ಮೈಯಿಂದ ಬರುವ ಹಾಗೆ. ಹೋದ ತಿಂಗಳು ಹನೂರಿನಲ್ಲಿ ಸಿಮೆಂಟ್ ಮೂಟೆ ಇಳಿಸಿ, ಆಟೊ ನಿಲ್ಲಿಸಿಕೊಂಡು ಟೀ ಕುಡಿಯುತ್ತಿದ್ದೆ. ಸೊಪ್ಪು ತುಂಬಿದ ಟೆಂಪೊ ಒಂದು ಬಂದು ಪಕ್ಕಕ್ಕೆ ನಿಂತಿತು. ಆ ವಾಸನೆ ಮೂಗಿಗೆ ಬಡಿಯಿತು. ಟೀ ಅರ್ಧಕ್ಕೇ ಬಿಟ್ಟು ಹೊರಟೆ. 'ಯಾಕಣ್ಣೋ, ಸಕ್ರೆ ಕಮ್ಮಿ ಆಯ್ತಾ?' ಎಂದು ಅಂಗಡಿಯವನು ಹಿಂದಿನಿಂದ ಕೂಗುತ್ತಿದ್ದ.

ಮೂರು ವರ್ಷದ ಹಿಂದಿನ ಒಂದು ಮಳೆಗಾಲ ನನ್ನೊಳಗೆ ಆ ವಾಸನೆಯಾಗಿ ಉಳಿದಿದೆ. ಆ ಮಳೆಗಾಲದಲ್ಲಿ ನನ್ನ ತಂಗಿ ಭಾಗ್ಯ ತನ್ನ ಮೇಲೆ ತಾನಿಟ್ಟಿದ್ದ ನಂಬಿಕೆಯನ್ನು ಕಳೆದುಕೊಂಡಳು. ಕಳೆದುಕೊಂಡಳು ಎಂದರೆ ತಪ್ಪಾಗುತ್ತದೆ. ನಾನು ಕಿತ್ತುಕೊಂಡೆ.

ನಾವಿರುವುದು ಯಳಂದೂರಿನಲ್ಲಿ. ಭಾಗ್ಯ ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ, ಅವ್ವ ಇಬ್ಬರೂ ಒಬ್ಬರ ಹಿಂದೊಬ್ಬರು ಹೋದರು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು. ತಂಗಿಯನ್ನು ಓದಿಸಲೆಂದು ಬಿಟ್ಟ ಎಂದು ಬೀದಿಯವರು ಹೇಳುತ್ತಾರೆ. ಹಾಗೇನೂ ಇಲ್ಲ, ಲೆಕ್ಕ ತಲೆಗೆ ಹತ್ತದೆ, ಮೇಷ್ಟ್ರ ಕೋಲಿಗೆ ಹೆದರಿ ಬಿಟ್ಟದ್ದು. ಆದರೆ ಅವರು ಹಾಗೆ ಹೇಳುವಾಗ ನಾನು ಒಂದು ದಿನವೂ ಅಲ್ಲ ಎಂದವನಲ್ಲ.

ಭಾಗ್ಯ ಕೊಳ್ಳೇಗಾಲದಲ್ಲಿ ಬಿಸಿಎ ಮುಗಿಸಿ, ಅಲ್ಲಿಯೇ ಚಾಕಿ ಹುಳು ಮಾರುವ ಕಂಪನಿಯೊಂದಕ್ಕೆ ಸೇರಿದಳು. ರೇಷ್ಮೆ ಹುಳು ಮೊಟ್ಟೆಯಿಂದ ಬಂದ ಮೇಲೆ ಎರಡು ಸಲ ಪೊರೆ ಬಿಡುವವರೆಗೆ ಬಹಳ ನಾಜೂಕು. ಅಷ್ಟು ಎಳೆಯದನ್ನು ಚಾಕಿ ಎನ್ನುತ್ತೇವೆ. ಅಲ್ಲಿಯವರೆಗೆ ಕಂಪನಿಯವರು ಸಾಕಿ, ಆಮೇಲೆ ರೈತರಿಗೆ ಕೊಡುತ್ತಿದ್ದರು. ಅವಳ ಮಾತಿನ ಮೇಲೆ ನನ್ನ ಲಗೇಜ್ ಆಟೊವನ್ನೂ ಬಾಡಿಗೆಗೆ ಇಟ್ಟುಕೊಂಡರು. ಬೆಳಗಿನ ತಂಪಿನಲ್ಲಿ ಹುಳುವಿನ ಟ್ರೇಗಳನ್ನು ಜೋಡಿಸಿಕೊಂಡು, ಸತ್ತೇಗಾಲ, ಹನೂರು, ಲೊಕ್ಕನಹಳ್ಳಿ ಎಂದು ಮನೆಮನೆಗೆ ಇಳಿಸುತ್ತ ಹೋಗುವುದು ನನ್ನ ಕೆಲಸ. ಟ್ರೇ ಇಳಿಸಿಕೊಂಡವರು ಕಾಫಿ ಕೊಡದೆ ಕಳಿಸುತ್ತಿರಲಿಲ್ಲ. ಯಾವ ತೋಟದ ಹತ್ತಿರ ಹೋದರೂ 'ಮಾದೇವಣ್ಣ ಬಂದ' ಎನ್ನುವವರು ಇದ್ದರು. ಅದು ನನಗೆ ಸಂಬಳಕ್ಕಿಂತ ರುಚಿಯಾಗಿತ್ತು.

ಭಾಗ್ಯಳ ಕೆಲಸ ಏನೆಂದು ಅರ್ಥವಾಗಲು ಬಹಳ ದಿನ ಬೇಕಾಯಿತು. ವಾರದಲ್ಲಿ ಎರಡು ದಿನ ಆಫೀಸಿಗೆ ಹೋಗುವಳು, ಉಳಿದ ದಿನ ಮನೆಯಲ್ಲೇ ಗೋಡೆಗೆ ಒರಗಿ, ಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿರುವಳು. ಒಂದು ಸಂಜೆ ಕೇಳಿದೆ.

'ರೈತ್ರು ಹೇಳೋ ವಿವರ ಎಲ್ಲ ಎಲ್ಲೋ ದೂರದಲ್ಲಿರೋ ಮಿಷಿನ್‌ನಲ್ಲಿ ಇರ್ತದೆ ಅಣ್ಣ,' ಎಂದಳು. 'ಬಾಡ್ಗೆ ಗೋಡೌನ್ ಇದ್ದಂಗೆ. ನಾನು ಇಲ್ಲಿಂದ್ಲೇ ಅದಕ್ಕೆ ಕೆಲ್ಸ ಏಳೋದು. ಕೂಡು ಅಂದ್ರೆ ಕೂಡ್ತದೆ, ಎಣಿಸು ಅಂದ್ರೆ ಎಣಿಸ್ತದೆ. ಅದಕ್ಕೆ ಬರ್ದೆ ಇರೋ ಕೆಲ್ಸ ಇದ್ರೆ ನಾವೇ ಕಲಿಸಿ, ಒಂದು ಹೆಸರಿಡ್ಬೇಕು. ಆಮೇಲೆ ಹೆಸರು ಹಿಡ್ದು ಕರೆದ್ರೆ ಸಾಕು, ಮಾಡ್ತದೆ. ಅದಕ್ಕೆ ಫಂಕ್ಷನ್ ಅನ್ನೋದು.'

'ಫಂಕ್ಷನ್ನಾ? ಊಟ ಎಷ್ಟೊತ್ಗೆ?' ಎಂದೆ.

ಅವಳು ತಲೆದಿಂಬು ಎತ್ತಿ ಎಸೆದಳು. ನಮ್ಮ ಮನೆಯಲ್ಲಿ ಆಗ ಅಷ್ಟು ನಗು ಇತ್ತು.

ಅವಳು ಆ ಯಂತ್ರಕ್ಕೆ ಕಲಿಸಿದ ಕೆಲಸಗಳಲ್ಲಿ ಒಂದಕ್ಕೆ 'ಸೊಪ್ಪಿನ ದಿನ' ಎಂದು ಹೆಸರಿಟ್ಟಿದ್ದಳು. ಹಿಪ್ಪುನೇರಳೆಗೆ ಕೀಟ ಬಿದ್ದರೆ ಔಷಧಿ ಹೊಡೆಯಲೇಬೇಕು. ಹೊಡೆದ ಸೊಪ್ಪನ್ನು ವಿಷ ಇಳಿಯುವ ಮೊದಲೇ ಕೊಯ್ದು ಹಾಕಿದರೆ ರೇಷ್ಮೆ ಹುಳು ಸಾಯುತ್ತದೆ. ಒಂದೊಂದು ಔಷಧಿಗೆ ಇಷ್ಟಿಷ್ಟು ದಿನ ಕಾಯಬೇಕೆಂದು ಲೆಕ್ಕವಿದೆ. ಯಾವ ಔಷಧಿ, ಯಾವತ್ತು ಹೊಡೆದೆವು ಎಂದು ರೈತರು ಫೋನ್ ಮಾಡಿ ಹೇಳುತ್ತಿದ್ದರು, ಆಫೀಸಿನವರು ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದರು. ಅದನ್ನು ನೋಡಿ ಕೊಯ್ಯುವ ದಿನ ಹೇಳುವುದು 'ಸೊಪ್ಪಿನ ದಿನ'ದ ಕೆಲಸ. ಓದಲು ಬಾರದವರೇ ಹೆಚ್ಚಾಗಿದ್ದರಿಂದ ಪ್ರತಿ ಬೆಳಿಗ್ಗೆ ರೈತರ ಫೋನಿಗೆ ಕರೆ ಹೋಗುತ್ತಿತ್ತು. ಆ ಕರೆಯಲ್ಲಿ ಬರುತ್ತಿದ್ದುದು ಭಾಗ್ಯಳ ದನಿ. ಎರಡೇ ಮಾತನ್ನು ಅವಳು ಹೇಳಿ, ರೆಕಾರ್ಡ್ ಮಾಡಿ ಹಿಡಿದಿಟ್ಟಿದ್ದಳು. 'ನಿಮ್ಮ ತೋಟದ ಸೊಪ್ಪನ್ನು ಇನ್ನೂ ಕೊಯ್ಯಬೇಡಿ.' ಇಲ್ಲವೇ 'ಇಂದಿನಿಂದ ಕೊಯ್ಯಬಹುದು.'

ಲೊಕ್ಕನಹಳ್ಳಿಯ ಆಚೆ, ಕಾಡಿನ ಅಂಚಿನಲ್ಲಿ ಸಾಕಮ್ಮನ ತೋಟವಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಮೊದಲು ಜೋಳ ಹಾಕುತ್ತಿದ್ದಳಂತೆ, ಹಂದಿ ಉಳಿಸಲಿಲ್ಲ. ಹಿಪ್ಪುನೇರಳೆಯನ್ನು ಆನೆ ತುಳಿದು ಹೋದರೂ ಮತ್ತೆ ಚಿಗುರುತ್ತದೆ ಎಂದು ಇದಕ್ಕೆ ಬಂದವಳು. ಭಾಗ್ಯಳ ದನಿ ಫೋನಿನಲ್ಲಿ ಬಂದರೆ ಸಾಕಮ್ಮ ಅದಕ್ಕೆ ತಿರುಗಿ ಮಾತಾಡುವಳು. 'ಆಯ್ತು ಕಣವ್ವ, ಕೊಯ್ಯಲ್ಲ. ಉಂಡ್ಯಾ?' ಎನ್ನುವಳು. ಅದು ಹಿಡಿದಿಟ್ಟ ದನಿ ಎಂದು ನಾನು ಎಷ್ಟು ಹೇಳಿದರೂ, 'ಇರ್ಲಿ ಬುಡ್ಲಾ, ದನಿ ಕೂಸಿಂದೇ ತಾನೆ?' ಎನ್ನುವಳು.

ಮಳೆಗಾಲದ ಶುರುವಿನಲ್ಲಿ ಭಾಗ್ಯ ಒಂದು ದಿನ ನನ್ನ ಜೊತೆ ಆಟೊದಲ್ಲಿ ಅಲ್ಲಿಗೆ ಬಂದಳು. ಸಾಕಮ್ಮ ಕಾಫಿ ಕಾಯಿಸಲು ಒಳಗೆ ಹೋದಾಗ ಭಾಗ್ಯ ಪಂಪಿನ ಪಕ್ಕ ಬಿದ್ದಿದ್ದ ಖಾಲಿ ಬಾಟಲಿಗಳನ್ನು ತಿರುಗಿಸಿ ನೋಡುತ್ತಿದ್ದಳು. ಎರಡು ಬಗೆಯವಿದ್ದವು.

'ಎರಡೂ ಒಂದೇ ದಿನ ಹೊಡೆದ್ರಾ ಅತ್ತೆ?' ಎಂದು ಕೇಳಿದಳು.

'ಊಂ ಕಣ್ ಕೂಸೇ. ಎಲೆ ಸುತ್ತೋ ಉಳುಕ್ಕೆ ಒಂದು, ನುಸಿಗೆ ಒಂದು. ಪಂಪ್ ಒತ್ಕೊಂಡು ಬರೋನು ಎರಡು ಸಲ ಬತ್ತನಾ? ಒಂದೇ ಕ್ಯಾನ್‌ಗೆ ಉಯ್ದು ಒಡ್ಸುಬುಡದು. ಈ ಸೀಮೆಲೆಲ್ಲ ಅಂಗೇಯ.'

ಭಾಗ್ಯ ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದಳು. ಬರೆದುಕೊಂಡ ಸಾಲಿನಲ್ಲಿ ಎರಡು ಔಷಧಿಯ ಹೆಸರಿದ್ದರೂ 'ಸೊಪ್ಪಿನ ದಿನ' ಮೊದಲನೆಯದನ್ನು ಮಾತ್ರ ನೋಡಿ ದಿನ ಹೇಳುತ್ತಿತ್ತು. ಇಷ್ಟು ದಿನ ಯಾರಿಗೂ ತೊಂದರೆಯಾಗದಿದ್ದುದು ಅದೃಷ್ಟ. ಅವಳು ಅದನ್ನು ಹೊಸದಾಗಿ ಬರೆದಳು. ಸಾಲಿನಲ್ಲಿರುವ ಎಲ್ಲ ಹೆಸರನ್ನೂ ನೋಡಿ, ಯಾವುದಕ್ಕೆ ಹೆಚ್ಚು ದಿನ ಕಾಯಬೇಕೋ ಅದನ್ನೇ ಹಿಡಿಯುವ ಹಾಗೆ. ಬರೆದಾದ ಮೇಲೆ, ಅದನ್ನು ಯಂತ್ರಕ್ಕೆ ಕಲಿಸಲು, ಮೇಲಿದ್ದ ನೀಲಿ ಗುಂಡಿ ಒತ್ತಿದಳು.

'ಹಳೇದು?' ಎಂದು ಕೇಳಿದೆ.

'ಅದೇ ಹೆಸರಲ್ಲಿ ಇನ್ನೊಂದು ಕಲಿಸಿದ್ರೆ ಹಳೇದನ್ನ ಮರ್ತ್‌ಬುಡ್ತದೆ. ಯಾಕೆ ಏನು ಅಂತ ಕೇಳಲ್ಲ,' ಎಂದಳು. 'ಆಫೀಸ್‌ನೋರು ಇದನ್ನ ಕರೀಬಹುದು ಅಷ್ಟೇ, ಬದ್ಲಾಯ್ಸೋ ಅಧಿಕಾರ ನನ್ನ ಹೆಸರಿಗೆ ಮಾತ್ರ ಇರೋದು.'

ಆದರೆ ಹಳೆಯದನ್ನು ಬರೆದಿದ್ದ ಪುಟವನ್ನು ಅವಳು ಅಳಿಸಲಿಲ್ಲ. ಬರೆದದ್ದು ಯಾವಾಗಲಾದರೂ ಬೇಕಾಗುತ್ತದೆಂದು ಎಲ್ಲ ಪುಟಗಳನ್ನೂ ಎಡಗಡೆ ಸಾಲಾಗಿ ಇಟ್ಟುಕೊಂಡಿದ್ದಳು. ಹೊಸದು ಮೇಲೆ, ಹಳೆಯದು ಕೆಳಗೆ. ಅವ್ವನೂ ಹಾಗೆಯೇ, ಹರಿದ ಚೀಲವನ್ನೂ ಬಿಸಾಡುತ್ತಿರಲಿಲ್ಲ. ನಾನು ಹತ್ತಿರ ಕುಳಿತು ನೋಡುವುದನ್ನು ಅವಳು ಬೇಡ ಎನ್ನುತ್ತಿರಲಿಲ್ಲ. ಒಮ್ಮೆ ಏನೋ ಒತ್ತಿ ಅವಳು ಅರ್ಧ ಬರೆದದ್ದನ್ನು ಮುಚ್ಚಿಬಿಟ್ಟಿದ್ದೆ. ಅಂದಿನಿಂದ, 'ನೋಡು, ಮುಟ್ಬೇಡ,' ಎಂದು ಹೇಳಿದ್ದಳು.

ಆ ವರ್ಷ ಮಳೆ ಹೊಡೆದು ಸುರಿಯಲಿಲ್ಲ, ಬಿಡಲೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಮೋಡ ಇಳಿದು, ದಿನವೆಲ್ಲ ಸೋನೆ. ಬಟ್ಟೆ ಒಣಗುತ್ತಿರಲಿಲ್ಲ. ಊರಲ್ಲಿ ಮನೆಗೊಬ್ಬರಿಗೆ ಜ್ವರ. ಭಾಗ್ಯಳಿಗೂ ಬಂತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿ, ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದವಳು ಎರಡು ಕಂಬಳಿ ಹೊದ್ದು ಮಲಗಿದಳು. ಮೈ ಕೆಂಡ. ನಡುನಡುವೆ ಅವ್ವನನ್ನು ಕರೆಯುತ್ತಿದ್ದಳು. ಯಾರಿಗೋ 'ಕೊಯ್ಯಬೇಡಿ, ಕೊಯ್ಯಬೇಡಿ' ಎನ್ನುತ್ತಿದ್ದಳು. ಲ್ಯಾಪ್‌ಟಾಪ್ ಅವಳ ಚಾಪೆಯ ಪಕ್ಕದಲ್ಲೇ ತೆರೆದುಕೊಂಡಿತ್ತು. ಮಲಗುವ ಮುಂಚೆ ಏನೋ ನೋಡುತ್ತಿದ್ದು ಹಾಗೆಯೇ ಬಿಟ್ಟಿದ್ದಳು.

ಮಧ್ಯಾಹ್ನ ನಾನು ಗಂಜಿ ಕಾಯಿಸುತ್ತಿದ್ದೆ. ಸತ್ತೇಗಾಲದಿಂದ ಒಬ್ಬ ಫೋನ್ ಮಾಡಿದ. 'ಏನ್ ಮಾದೇವಣ್ಣ, ಬೆಳಿಗ್ಗಿಂದ ನಿನ್ ತಂಗಿ ದನಿನೇ ಇಲ್ಲ? ಮುನಿಸ್ಕಂಡದಾ?' ಎಂದು ನಕ್ಕ. ಅವನಾದ ಮೇಲೆ ಇನ್ನೊಬ್ಬ. ಆಮೇಲೆ ಸಾಕಮ್ಮ. ಯಾರಿಗೂ ಕರೆ ಹೋಗಿರಲಿಲ್ಲ. ಆಫೀಸಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಅಥವಾ ಭಾಗ್ಯಳನ್ನು ಒಮ್ಮೆ ಅಲುಗಾಡಿಸಿ ಎಬ್ಬಿಸಬಹುದಿತ್ತು. ನಾನು ಸಾಕಮ್ಮನಿಗೆ ಹೇಳಿದ್ದು ಬೇರೆ.

'ತಾಳು ಸಾಕವ್ವ, ನಾನ್ ಸರಿ ಮಾಡ್ತೀನಿ.'

'ನಿಂಗೂ ಬತ್ತದ್ಲಾ ಅದು?'

'ಬತ್ತದೆ ಬತ್ತದೆ,' ಎಂದೆ.

ಒಲೆ ಸಣ್ಣ ಮಾಡಿ ಒಳಗೆ ಬಂದೆ. ಭಾಗ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ಎಡಗಡೆ ಪುಟಗಳ ಹೆಸರು ಇಂಗ್ಲಿಷಿನಲ್ಲಿದ್ದವು. ಕರೆ ಕಳಿಸುವುದು ಯಾವುದು, ಎಣಿಸುವುದು ಯಾವುದು, ನನಗೇನು ಗೊತ್ತು. ನೀಲಿ ಗುಂಡಿ ಮಾತ್ರ ಗೊತ್ತಿತ್ತು. ಮೇಲಿನ ಪುಟ ತೆರೆದು ಗುಂಡಿ ಒತ್ತಿದೆ. ಹಸಿರು ಗುರುತು ಬಂತು. ಅದರ ಕೆಳಗಿನದು ತೆರೆದು ಒತ್ತಿದೆ. ಹಸಿರು. ಟ್ರೇ ಇಳಿಸುವಾಗ ಮೇಲಿನದರಿಂದ ಒಂದೊಂದೇ ತೆಗೆಯುತ್ತ ಬರುವ ಹಾಗೆ, ಕೊನೆಯ ಪುಟದವರೆಗೂ ಒತ್ತುತ್ತ ಹೋದೆ. ಎಲ್ಲದಕ್ಕೂ ಹಸಿರು ಗುರುತೇ ಬಂತು. ನನ್ನ ಕೈಯಲ್ಲಿ ಏನೋ ವಿದ್ಯೆ ಇದೆ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಸಾಕಮ್ಮ ಫೋನ್ ಮಾಡಿದಳು. 'ಬಂತು ಕಣಪ್ಪ ಕೂಸಿನ ದನಿ. ನೀನೂ ಇಂಜಿನಿಯರ್ ಆಗ್ಬುಟ್ಟೆ,' ಎಂದಳು. ಕರೆ ಹೋದದ್ದು ನಾನು ಒತ್ತಿದ್ದರಿಂದಲೋ, ತಾನಾಗಿಯೇ ಸರಿಯಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ. ಹೊಸ 'ಸೊಪ್ಪಿನ ದಿನ'ದ ಪುಟ ಮೇಲಿತ್ತು, ಹಳೆಯದು ಕೆಳಗಿತ್ತು. ನಾನು ಮೇಲಿನಿಂದ ಕೆಳಗೆ ಬಂದಿದ್ದೆ. ಕೊನೆಗೆ ಕಲಿತದ್ದು ಹಳೆಯದು, ಭಾಗ್ಯ ಸರಿಪಡಿಸಿದ್ದನ್ನು ಯಂತ್ರ ಮರೆತಿತ್ತು.

ಸಂಜೆ ಅವಳು ಕಣ್ಣು ಬಿಟ್ಟು, 'ಫೋನೆಲ್ಲ ಓಗ್ತಾವಾ ಅಣ್ಣ?' ಎಂದು ಕೇಳಿದಳು.

'ಓಗ್ತಾವೆ. ನೀನು ಮಲಕ್ಕೊ,' ಎಂದು ಗಂಜಿ ಕುಡಿಸಿದೆ. ಮುಟ್ಟಬೇಡ ಎಂದಿದ್ದಳಲ್ಲ, ಜ್ವರದಲ್ಲಿ ಯಾಕೆ ಬೈಸಿಕೊಳ್ಳುವುದು ಎಂದು ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮಾರನೆಯ ದಿನವೂ ಕರೆಗಳು ಸರಿಯಾಗಿ ಹೋದವು. ಹೇಳುವುದಕ್ಕೆ ಏನೂ ಇಲ್ಲ ಅನ್ನಿಸಿತು.

ಆಗ ಸಾಕಮ್ಮನ ಮನೆಯ ಹುಳು ಕೊನೆಯ ಹಂತಕ್ಕೆ ಬಂದಿದ್ದವು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹುಳುವಿಗೆ ಬರುವ ಹಸಿವು ನೋಡಬೇಕು. ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ತೋಟದ ಒಂದು ಅರ್ಧ ಅಷ್ಟರಲ್ಲಿ ಮುಗಿದಿತ್ತು. ಔಷಧಿ ಹೊಡೆದ ಇನ್ನೊಂದು ಅರ್ಧ ಉಳಿದಿತ್ತು. ಒಂದು ಬೆಳಿಗ್ಗೆ ಅವಳಿಂದ ನನಗೆ ಫೋನ್ ಬಂತು.

'ಲೇ ಮಾದೇವ, ಕೂಸು ಇವತ್ತು ಕೊಯ್ಯಬೋದು ಅಂದದ. ನನ್ಗ್ಯಾಕೋ ಇನ್ನೂ ವಾಸ್ನ ಒಡ್ದಂಗಾಯ್ತದ. ಮಳ ಬೇರ ಇಡ್ಕಂಡದ. ಏನ್ ಮಾಡ್ಲಿ?'

ನಾನು ಟ್ರೇ ಇಳಿಸುವ ಅವಸರದಲ್ಲಿದ್ದೆ. 'ಭಾಗ್ಯ ಹೇಳುದ್ ಮೇಲ ಮುಗೀತು, ಕೊಯ್ಯವ್ವ,' ಎಂದೆ.

ಮೂರನೆಯ ದಿನ ನಾನು ಅಲ್ಲಿಗೆ ಹೋದೆ. ಸಾಕಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಒಳಗೆ ಸದ್ದೇ ಇಲ್ಲ. ಸೊಪ್ಪಿನ ಮೇಲೆ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು. ಕೆಲವು ಮೈ ಕುಗ್ಗಿ ಮೋಟಾಗಿ, ಕೆಲವು ಅಂಚಿಗೆ ಹರಿದು ಬಂದು ಕೆಳಗೆ ಬೀಳುತ್ತಿದ್ದವು. ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದವು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಜಗಲಿಯ ಮೇಲೆ ಒರಗಿಸಿಟ್ಟಿದ್ದಳು.

'ನೋಡ್ಲಾ, ಬ್ಯಾಡ ಬ್ಯಾಡ ಅಂತ ತಲ ಆಡುಸ್ತವ,' ಎಂದಳು ಸಾಕಮ್ಮ. ಅವಳು ಅಳಲಿಲ್ಲ. ಗುಂಡಿ ತೋಡಲು ನಾನೇ ಹಾರೆ ಹಿಡಿದೆ. ಹುಳು ಸುರಿದು, ಸುಣ್ಣ ಹಾಕಿ ಮುಚ್ಚಿದೆವು. ಇನ್ನೂ ಅಲುಗುತ್ತಿದ್ದವು.

ಎರಡು ಔಷಧಿ ಬೆರೆಸಿ ಹೊಡೆದ ಇನ್ನೂ ಕೆಲವು ಮನೆಗಳಲ್ಲಿ ಅದೇ ಗತಿಯಾಗಿತ್ತು. ಕಂಪನಿಯವರು ಭಾಗ್ಯಳನ್ನು ಕೊಳ್ಳೇಗಾಲಕ್ಕೆ ಕರೆಸಿದರು. ಜ್ವರ ಬಿಟ್ಟಿತ್ತು, ನಿಶ್ಶಕ್ತಿ ಹೋಗಿರಲಿಲ್ಲ. ನಾನೇ ಆಟೊದಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ, 'ನಾನು ಸರಿ ಮಾಡಿದ್ನಲ್ಲ ಅಣ್ಣ, ನೀನೇ ನೋಡಿದ್ಯಲ್ಲ,' ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಅಲ್ಲಿಯವರೆಗೂ ನನಗೆ ನನ್ನ ಗುಂಡಿ ಒತ್ತಿದ ಕೈಯ ನೆನಪಾಗಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನೆನಪಾಗಿತ್ತು. ಸಾಕಮ್ಮನ ಹುಳುಮನೆಯ ಬಾಗಿಲಲ್ಲೇ ನೆನಪಾಗಿತ್ತು.

ಮ್ಯಾನೇಜರ್ ಬೈಯಲಿಲ್ಲ. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. ಆ ದೂರದ ಯಂತ್ರ ಯಾರು ಯಾವಾಗ ಏನು ಮಾಡಿದರೆಂದು ಎಲ್ಲವನ್ನೂ ಇಟ್ಟುಕೊಂಡಿರುತ್ತದಂತೆ.

'ನೋಡಮ್ಮ, ನೀನು ಸರಿ ಮಾಡಿದ್ದು ಇಲ್ಲಿದೆ. ಅದಾದ ಮೇಲೆ ಒಂದು ಮಧ್ಯಾಹ್ನ ಮತ್ತೆ ಹಳೇದನ್ನೇ ಹಾಕಿದೀಯ. ನಿನ್ನ ಹೆಸರು. ನಿನ್ನ ಲ್ಯಾಪ್‌ಟಾಪು.'

'ಅವತ್ತು ನನಗೆ ಜ್ವರ ಸಾರ್. ನಾನು ಎದ್ದೇ ಇಲ್ಲ.'

'ಮನೇಲಿ ಬೇರೆ ಯಾರಿದ್ರು?'

'ನಮ್ಮಣ್ಣ ಒಬ್ನೇ. ಅವನಿಗೆ ಇದೆಲ್ಲ ಬರಲ್ಲ ಸಾರ್.'

ಮ್ಯಾನೇಜರ್ ನನ್ನ ಕಡೆ ನೋಡಿದರು. ನನ್ನ ಚಪ್ಪಲಿ, ನನ್ನ ಕೈಯಲ್ಲಿದ್ದ ಆಟೊದ ಬೀಗದ ಕೈ ನೋಡಿದರು. 'ಅದು ಗೊತ್ತಾಗುತ್ತೆ,' ಎಂದು ಕಣ್ಣು ತಿರುಗಿಸಿದರು. ಆ ಹೊತ್ತಿನಲ್ಲಿ ನನ್ನನ್ನು ದಡ್ಡ ಎಂದುಕೊಂಡದ್ದಕ್ಕೆ ನನಗೆ ಸಮಾಧಾನವಾಯಿತು. ಬದುಕಿದೆ ಅನ್ನಿಸಿತು.

ಭಾಗ್ಯ ಪರದೆಯನ್ನೇ ನೋಡುತ್ತಿದ್ದಳು. 'ಎಲ್ಲಾ ಪೇಜೂ ಒಂದರ ಹಿಂದೊಂದು ಓಡಿದಾವೆ,' ಎಂದಳು ಮೆಲ್ಲಗೆ. 'ಮೇಲಿಂದ ಕೆಳಗೆ. ಬುದ್ಧಿ ನೆಟ್ಟಗಿರೋರು ಯಾರಾದ್ರೂ ಹಿಂಗೆ ಮಾಡ್ತಾರಾ?' ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖ ನನಗೆ ಮರೆಯುವುದಿಲ್ಲ. ದಾರಿ ತಪ್ಪಿದ ಮಗು ಗುರುತಿನವರನ್ನು ಕಂಡಾಗ ನೋಡುವಂತೆ ನೋಡಿದಳು.

'ಅಣ್ಣ, ಅವತ್ತು ಮಧ್ಯಾಹ್ನ ನಾನು ಎದ್ದಿದ್ನಾ?'

ಫ್ಯಾನ್ ತಿರುಗುತ್ತಿತ್ತು. ಕೆಳಗೆ ರಸ್ತೆಯಲ್ಲಿ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಸಾಕಮ್ಮನ ತೋಟದಲ್ಲಿ ಹುಳು ಮುಚ್ಚಿದ ಗುಂಡಿ ಕಣ್ಣಿಗೆ ಬಂತು. ಸತ್ತೇಗಾಲದವರು, ಹನೂರಿನವರು ನನ್ನ ಆಟೊ ಅಡ್ಡಗಟ್ಟಿ ನಿಲ್ಲಿಸುವುದು ಕಣ್ಣಿಗೆ ಬಂತು.

'ಎದ್ದಿದ್ದೆ ಕಣವ್ವ,' ಎಂದೆ. 'ಸ್ವಲ್ಪ ಹೊತ್ತು ಎದ್ದು ಕೂತಿದ್ದೆ. ಅದನ್ನ ಮುಂದೆ ಇಟ್ಕಂಡು ಏನೋ ಒತ್ತುತಾ ಇದ್ದೆ. ನಾನು ಗಂಜಿ ಕಾಯಿಸ್ತಿದ್ನಲ್ಲ, ಏನು ಅಂತ ಕೇಳ್ಲಿಲ್ಲ.'

ಅವಳು ತಲೆ ಆಡಿಸಿದಳು.

ಕೆಲಸ ತೆಗೆಯುವ ಮಾತನ್ನು ಕಂಪನಿಯವರು ಆಡುವ ಮೊದಲೇ ಅವಳು ಬಿಟ್ಟಳು. ಲ್ಯಾಪ್‌ಟಾಪ್ ವಾಪಸು ಕೊಟ್ಟಳು. ಆಮೇಲೆ ನನ್ನನ್ನು ಕರೆದುಕೊಂಡು ಹುಳು ಸತ್ತ ಒಂದೊಂದು ಮನೆಗೂ ಹೋದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರು. ಬೈದವರ ಮುಂದೆ ನಾನು ತಂಗಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ಎಂಥ ಅಣ್ಣ ಎಂದು ಅವರು ನನ್ನನ್ನು ಮೆಚ್ಚಿದರು. ಸಾಕಮ್ಮ ಬೈಯಲಿಲ್ಲ. 'ಜ್ವರದಲ್ಲಿ ಏನ್ ಮಾಡ್ತೀವಿ ಅಂತ ಯಾರ್ಗ್ ಗೊತ್ತಾದದು ಕೂಸೇ,' ಎಂದು ಅವಳ ಕೈ ಹಿಡಿದುಕೊಂಡಳು. ಬೈದಿದ್ದರೆ ಭಾಗ್ಯ ಉಳಿಯುತ್ತಿದ್ದಳೋ ಏನೋ. ಆ ಮಾತು ಅವಳೊಳಗೆ ಇಳಿದುಬಿಟ್ಟಿತು. ತನಗೆ ತಿಳಿಯದಂತೆ ತನ್ನ ಕೈ ಏನನ್ನಾದರೂ ಮಾಡಬಹುದು ಎಂದು ಅವಳು ನಂಬಿದಳು.

ಈಗ ಅವಳು ತಾಲ್ಲೂಕು ಆಫೀಸಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲುತ್ತಾಳೆ. ಒಂದು ಆಧಾರ್ ಕಾರ್ಡಿನ ಪ್ರತಿ ತೆಗೆದರೆ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. 'ಅದೇನ್ ನೋಟಾ ಕಣಮ್ಮೀ, ಕಳ್ ನೋಟು ನೋಡ್ದಂಗೆ ನೋಡ್ತೀಯಲ್ಲ?' ಎಂದು ಬಂದವರು ರೇಗಿಸುತ್ತಾರೆ. ಅಂಗಡಿಯಿಂದ ನನಗೆ ಫೋನ್ ಮಾಡುತ್ತಾಳೆ. 'ಅಣ್ಣ, ನಾನು ಗ್ಯಾಸ್ ಆಫ್ ಮಾಡಿ ಬಂದ್ನಾ?' 'ಬಾಗಿಲಿಗೆ ಬೀಗ ಹಾಕಿದ್ನಾ?' ಹಾಕಿದ್ದೀಯ ಎಂದು ನಾನು ಹೇಳಿದರೆ ಮಾತ್ರ ಸಮಾಧಾನ. ಅವಳಿಗೆ ಅವಳ ಕಣ್ಣಿನ ಮೇಲೆ ನಂಬಿಕೆಯಿಲ್ಲ, ಕೈಯ ಮೇಲೆ ಇಲ್ಲ. ಇರುವುದು ನನ್ನ ಮಾತಿನ ಮೇಲೆ.

ಕಳೆದ ವಾರ ಅವಳ ಹಳೆಯ ಜೊತೆಗಾರ್ತಿ ಒಬ್ಬಳು ಮನೆಗೆ ಬಂದಿದ್ದಳು. ಕೊಳ್ಳೇಗಾಲದಲ್ಲಿ ಬೇರೊಂದು ಕಡೆ ಅದೇ ಬಗೆಯ ಕೆಲಸವಿದೆ, ಭಾಗ್ಯಳಷ್ಟು ಚೆನ್ನಾಗಿ ಬರೆಯುವವರು ಯಾರೂ ಸಿಕ್ಕಿಲ್ಲ, ಬಾ ಎಂದು ಕರೆದಳು. ಭಾಗ್ಯ, 'ನನ್ನ ಕೈಗೆ ಏನನ್ನೂ ಕೊಡಬೇಡ ಕಣೇ,' ಎಂದಳು. ಆ ಹುಡುಗಿ ಕಣ್ಣೊರೆಸಿಕೊಂಡು ಹೋದಳು. ಇನ್ನು ಸುಮ್ಮನಿದ್ದರೆ ಇವಳು ಮುಗಿದೇಹೋದಳು ಅನ್ನಿಸಿತು.

ಸಂಜೆ ಭಾಗ್ಯ ಹುರುಳಿ ಸಾರಿಗೆ ಇಟ್ಟು, ಹೊಸಿಲ ಮೇಲೆ ಬಂದು ಕುಳಿತಳು. ನಾನು ಎದುರಿಗೆ ಕುಳಿತೆ. ಎಲ್ಲವನ್ನೂ ಹೇಳಿದೆ. ಫೋನ್ ಬಂದದ್ದು, ನಾನು ಸರಿ ಮಾಡ್ತೀನಿ ಎಂದದ್ದು, ಮೇಲಿನಿಂದ ಕೆಳಗಿನವರೆಗೆ ನೀಲಿ ಗುಂಡಿ ಒತ್ತಿದ್ದು. 'ನೀನು ಎದ್ದೇ ಇಲ್ಲ ಕಣವ್ವ. ಗ್ವಾಡೆ ಕಡೆ ತಿರುಗಿ ಮಲಗಿದ್ದೆ. ಎದ್ದವನು ನಾನು.'

ಅವಳು ಮೊದಲು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು.

'ನನ್ನ ಸಮಾಧಾನಕ್ಕೆ ಯೋಚ್ನೆ ಮಾಡ್ಕೊಂಡು ಬಂದಿದೀಯಾ,' ಎಂದಳು. 'ಆ ಪೇಜಲ್ಲಿ ಏನ್ ಬರ್ದಿತ್ತು ಏಳು ನೋಡಣ?'

'ನನಗೆ ಇಂಗ್ಲಿಷ್ ಓದಕ್ಕೆಲ್ಲಿ ಬತ್ತದೆ?'

'ಮತ್ತೆ? ಮೇಲಿಂದ ಕೆಳಗೆ ಒತ್ತಿರೋದನ್ನ ಆಫೀಸಲ್ಲಿ ನಾನೇ ಏಳಿದ್ನಲ್ಲ. ಅದನ್ನೇ ನಂಗೆ ತಿರುಗಿ ಏಳ್ತಾ ಇದೀಯ.'

'ಇಲ್ಲ ಕಣ್ ಭಾಗ್ಯ, ಅವ್ವನಾಣೆ.'

ಅವಳ ನಗು ನಿಂತಿತು. 'ನಾನು ಎದ್ದು ಕೂತಿದ್ದನ್ನ ನೀನೇ ನೋಡಿದೆ ಅಂದೆ.'

'ಹೆದರ್ಕಂಡು ಅಂದೆ. ಸುಳ್ಳು.'

ಅವಳು ನನ್ನನ್ನೇ ನೋಡಿದಳು. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಗೊತ್ತಾಯಿತು ಎಂದು ನನಗೆ ಅನ್ನಿಸಿತು. ಕಣ್ಣಿನಲ್ಲಿ ಹಳೆಯ ಭಾಗ್ಯ ಬಂದು ನಿಂತಿದ್ದಳು, ಬಾಟಲಿಗಳನ್ನು ತಿರುಗಿಸಿ ನೋಡಿದವಳು. ಅವಳು ಬೈಯಲಿ, ಹೊಡೆಯಲಿ, ಮನೆ ಬಿಟ್ಟು ಹೋಗಲಿ, ಏನಾದರೂ ಮಾಡಲಿ ಎಂದು ಕಾದೆ. ಆಮೇಲೆ ಆ ಭಾಗ್ಯ ಹೋದಳು.

'ಬ್ಯಾಡ ಅಣ್ಣ,' ಎಂದಳು. 'ಇನ್ನೊಂದ್ ಸಲ ಹಿಂಗೆ ಏಳ್ಬ್ಯಾಡ. ನಿನ್ ಮಾತೂ ನಂಬಂಗಿಲ್ಲ ಅಂದ್ರೆ ನಾನು ಇನ್ಯಾರನ್ನ ಕೇಳ್ಲಿ?'

ಎದ್ದು ಒಳಗೆ ಹೋದಳು. ನಾನು ಹೊಸಿಲಲ್ಲೇ ಕುಳಿತಿದ್ದೆ. ಬೀದಿಯಲ್ಲಿ ಯಾರೋ ಎಮ್ಮೆ ಹೊಡೆದುಕೊಂಡು ಹೋದರು, ಮಾತಾಡಿಸಿದರು, ಏನೋ ಉತ್ತರ ಕೊಟ್ಟೆ. ಒಳಗಿನಿಂದ ಭಾಗ್ಯಳ ದನಿ ಬಂತು.

'ಅಣ್ಣ, ಸಾರಿಗೆ ಉಪ್ಪು ಹಾಕಿದ್ನಾ?'

ನಾನು ನೋಡಿರಲಿಲ್ಲ. ಇಷ್ಟು ವರ್ಷದ ರೂಢಿ ಬಾಯಿಗೆ ಬಂತು.

'ಹಾಕಿದೀಯ ಕಣವ್ವ,' ಎಂದೆ.

ಊಟಕ್ಕೆ ಕುಳಿತಾಗ ಮುದ್ದೆಯನ್ನು ಸಾರಿಗೆ ಅದ್ದಿ ಬಾಯಿಗಿಟ್ಟೆ. ಉಪ್ಪಿರಲಿಲ್ಲ. ಭಾಗ್ಯಳೂ ಒಂದು ತುತ್ತು ಬಾಯಿಗಿಟ್ಟು ತಡೆದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಆಮೇಲೆ, ತಪ್ಪು ತನ್ನ ನಾಲಿಗೆಯದೇ ಎನ್ನುವ ಹಾಗೆ, ತಲೆ ತಗ್ಗಿಸಿಕೊಂಡು ತಟ್ಟೆ ಮುಗಿಸಿದಳು.